ಅವ್ವನ ಒಲೆ, ಖಾನಾವಳಿಯ ಮುಸುರೆ

ನಮ್ಮವ್ವನ ಮುಂದೆ ಎರಡು ಮಾತು ಎತ್ತುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಟ್ಟಿಗೆ ಒಲೆ ಬಿಡು ಅನ್ನುವುದು ಒಂದು. ಮಂದಿ ಮನೆಯಲ್ಲಿ ಉಳಿದ ಅಡುಗೆಯನ್ನು ನಮ್ಮ ಅಂಗಳಕ್ಕೆ ತರುತ್ತೇನೆ ಅನ್ನುವುದು ಇನ್ನೊಂದು. ನಾನು ಎರಡನ್ನೂ ಎತ್ತಿದೆ, ಅದೂ ಒಂದೇ ವರ್ಷದಲ್ಲಿ. ಹಟ ಯಾರದು ದೊಡ್ಡದು ಅಂತ ಕೇಳಿದರೆ ಅವ್ವ ನನ್ನ ಕಡೆ ಬೆರಳು ತೋರಿಸುತ್ತಾಳೆ, ನಾನು ಅವಳ ಕಡೆ.

ನಾನು ಮಾನ್ವಿಯಲ್ಲಿ ಹೈಸ್ಕೂಲು ಟೀಚರು, ವಿಜ್ಞಾನ ಕಲಿಸುತ್ತೇನೆ. ಗಂಡ ಬಸ್ ಕಂಡಕ್ಟರು, ಮನೆಯಲ್ಲಿರುವುದಕ್ಕಿಂತ ರಸ್ತೆಯ ಮೇಲಿರುವುದೇ ಹೆಚ್ಚು. ಅವ್ವ ನಮ್ಮ ಜೊತೆಗಿದ್ದಾಳೆ. ಹಾಗಂದರೆ ಅವಳಿಗೆ ಸಿಟ್ಟು. ನಾವು ಅವಳ ಜೊತೆಗಿದ್ದೇವೆ ಅನ್ನಬೇಕು, ಯಾಕೆಂದರೆ ಹಿತ್ತಲಿನ ಎಮ್ಮೆ ಅವಳದು, ಒಲೆ ಅವಳದು, ರೊಟ್ಟಿ ಅವಳದು. ಹತ್ತಿ ಬಿಡಿಸಿ ಮುಗಿದ ಮೇಲೆ ಹಿರೇಕೊಟ್ನೆಕಲ್ ಕಡೆಯ ಹೊಲಗಳಿಂದ ಹತ್ತಿಕಟ್ಟಿಗೆ ಟ್ರ್ಯಾಕ್ಟರಿನಲ್ಲಿ ಬಂದು ನಮ್ಮ ಗೋಡೆಗೆ ಬೀಳುತ್ತಿತ್ತು. ವರ್ಷವಿಡೀ ಅದೇ ಉರುವಲು. ಬೇಗ ಹತ್ತುತ್ತದೆ, ಬೇಗ ಬೂದಿಯಾಗುತ್ತದೆ, ಹೊಗೆ ಮಾತ್ರ ದಂಡಿಯಾಗಿ ಕೊಡುತ್ತದೆ. ಸಿಲಿಂಡರು ಇತ್ತು. ಅದರ ಮೇಲೆ ನಾನು ಚಹಾ ಕಾಸಿಕೊಳ್ಳುತ್ತಿದ್ದೆ. ಅವ್ವ ಹತ್ತಿರ ಸುಳಿಯುತ್ತಿರಲಿಲ್ಲ. ಎಲ್ಲಿಯೋ ಸಿಲಿಂಡರು ಸಿಡಿದು ಮನೆ ಹಾರಿಹೋದದ್ದನ್ನು ಟಿವಿಯಲ್ಲಿ ನೋಡಿದ್ದಳು.

"ಆ ಕಬ್ಬಿಣದ ಗುಂಡು ಯಾವತ್ತು ಢಂ ಅಂತದೋ ಯಾರಿಗೆ ಗೊತ್ತದ? ನನ್ನ ಒಲಿ ಯಾವತ್ತರ ಢಂ ಅಂದದೇನು?"

ಢಂ ಅನ್ನಲಿಲ್ಲ, ಖರೆ. ಸದ್ದಿಲ್ಲದೆ ಅವಳ ಎದೆಯೊಳಗೆ ಹೋಗಿ ಕೂತಿತು. ಮೊದಲು ರೊಟ್ಟಿ ಬಡಿಯುವಾಗ ಕೆಮ್ಮು, ಆಮೇಲೆ ನೀರಿನ ಕೊಡ ಎತ್ತಿದರೆ ಕೆಮ್ಮು, ಕೊನೆಗೆ ಸುಮ್ಮನೆ ಕೂತರೂ ಎದೆ ಸುಯ್ ಸುಯ್ ಅನ್ನತೊಡಗಿತು. ಕಾಡಿ ಬೇಡಿ ರಾಯಚೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಎದೆಗೆ ಕೊಳವೆ ಇಟ್ಟು ಕೇಳಿ, "ಬೀಡಿ ಸೇದ್ತೀರೇನ್ ಯವ್ವಾ?" ಅಂದಳು.

ಅವ್ವ ಸ್ಟೂಲಿನಿಂದ ಎದ್ದೇಬಿಟ್ಟಳು. "ಬೀಡಿ? ನಾನು? ನೋಡಿ ಮಾತಾಡ್ರಿ! ನಮ್ಮ ಮನಿತನದಾಗ ಗಂಡಸರೂ ಬೀಡಿ ಮುಟ್ಟಿಲ್ಲ."

ಇದು ಅಪ್ಪಟ ಸುಳ್ಳು. ನಮ್ಮಪ್ಪ ಬೀಡಿ ಬಿಟ್ಟು ಬಾಯಿ ತೆರೆದದ್ದೇ ಅಪರೂಪ. ನಾನು ನಗು ತಡೆದುಕೊಂಡೆ. ಡಾಕ್ಟರೂ ನಕ್ಕಳು. "ಹಂಗಾರ ಒಲಿ ಹೊಗಿ ಇರಬೇಕು. ಎದಿಗೆ ಎರಡೂ ಒಂದ ನೋಡ್ರಿ," ಅಂದಳು.

ಆದರೆ ನನ್ನನ್ನು ಒಬ್ಬಳನ್ನೇ ಕರೆದು ಹೇಳಿದಾಗ ಅವಳ ಮುಖದಲ್ಲಿ ನಗು ಇರಲಿಲ್ಲ. ಹೋದ ಎದೆ ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಿ. ಹೊಗೆ ಬಿಡದಿದ್ದರೆ ಇನ್ನೊಂದೆರಡು ಚಳಿಗಾಲಕ್ಕೆ ಮನೆಯಲ್ಲೇ ಆಕ್ಸಿಜನ್ ಇಟ್ಟುಕೊಳ್ಳಬೇಕಾಗುತ್ತದೆ, ಮಂಚದಿಂದ ಬಾಗಿಲ ತನಕ ನಡೆಯುವುದೂ ಕಷ್ಟ ಅಂದಳು. ಆಸ್ಪತ್ರೆಯ ನಲ್ಲಿಯ ಹತ್ತಿರ ನಿಂತು ಅತ್ತೆ. ಬಸ್ಸಿನಲ್ಲಿ ಕೂತ ಮೇಲೆ ಅಳು ಹೋಗಿ ಸಿಟ್ಟು ಬಂತು. ನನಗೆ ಯಾವಾಗಲೂ ಹಾಗೇ, ದುಃಖ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಸಿಟ್ಟಾಗಿಬಿಡುತ್ತದೆ.

ಮನೆಗೆ ಬಂದು ಒಲೆ ಒಡೆಯುತ್ತೇನೆ ಅಂದೆ. "ಒಡಿ ನೋಡೋಣು," ಅಂದಳು. ಒಡೆದೂಬಿಟ್ಟೆ. ಮರುದಿನ ಶಾಲೆಯಿಂದ ಬರುವಷ್ಟರಲ್ಲಿ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹೊಗೆಯ ನಡುವೆ ಕೂತು ರೊಟ್ಟಿ ಬಡಿಯುತ್ತಿದ್ದಳು.

ಆಗ ನನಗೆ ದೇವದುರ್ಗ ನೆನಪಾಯಿತು. ನನ್ನ ಮೊದಲ ಪೋಸ್ಟಿಂಗು ಅಲ್ಲಿ. ನಾನು ಬಾಡಿಗೆಗಿದ್ದ ಕೋಣೆಯ ಪಕ್ಕದಲ್ಲೇ ಹುಡುಗಿಯರ ಒಂದು ಹಾಸ್ಟೆಲ್ಲು, ಅದರ ಹಿಂದೆ ಗ್ಯಾಸಿನ ತೊಟ್ಟಿ. ಅಡುಗೆಯಾಕೆ ಉಳಿದ ಅನ್ನ, ಸಾರು, ಕಾಯಿಪಲ್ಲೆಯ ಸಿಪ್ಪೆ ಎಲ್ಲ ಅದಕ್ಕೆ ಸುರಿಯುತ್ತಿದ್ದಳು. ಬೋರಲು ಹಾಕಿದ ಡ್ರಮ್ಮು ಗ್ಯಾಸು ತುಂಬಿದಂತೆ ಮೇಲೇಳುತ್ತಿತ್ತು, ಖರ್ಚಾದಂತೆ ಇಳಿಯುತ್ತಿತ್ತು. ಗಾಳಿಯಾಡದ ಕಡೆ ಕಣ್ಣಿಗೆ ಕಾಣದ ಜೀವಿಗಳು ಸಗಣಿ, ಅನ್ನ ತಿಂದು ಮಿಥೇನ್ ಬಿಡುತ್ತವೆ ಅಂತ ನಾನು ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದೆ. ಆ ಹಾಸ್ಟೆಲ್ಲಿನ ಹಿಂದೆ ಅದೇ ಮಿಥೇನಿನಲ್ಲಿ ಸಾರು ಕುದಿಯುತ್ತಿತ್ತು. ಸಿಲಿಂಡರಿನಂತೆ ಒತ್ತಿ ತುಂಬಿದ ಗ್ಯಾಸಲ್ಲ, ಸಿಡಿದೀತು ಅನ್ನುವ ಹೆದರಿಕೆ ಅಷ್ಟಿಲ್ಲ. ಅವ್ವನಿಗೆ ಹೇಳಿದೆ. "ಎಮ್ಮಿ ನಿಂದು, ಸಗಣಿ ನಿಂದು, ಗ್ಯಾಸೂ ನಿಂದ."

"ಸಗಣಿ ಮ್ಯಾಲ ರೊಟ್ಟಿ ಮಾಡಂತಿಯೇನ್ ಬೇ?"

"ಸಗಣಿ ತಟ್ಟಿದ ಕುಳ್ಳು ಹಚ್ಚಿ ರೊಟ್ಟಿ ಮಾಡಿಲ್ಲೇನು? ಕುಳ್ಳು ಏನು ಬೆಳ್ಳಿದೇನು?"

ಅಪರೂಪಕ್ಕೆ ನಾನು ಗೆದ್ದೆ. ರಾಯಚೂರಿನಿಂದ ಫೈಬರಿನ ತೊಟ್ಟಿ ಬಂತು, ಎಮ್ಮೆಯ ಕೊಟ್ಟಿಗೆಯ ಪಕ್ಕದಲ್ಲಿ ಕೂತಿತು. ಸಗಣಿ, ನೀರು ಕಲಸಿ ಹಾಕಿ ವಾರಗಟ್ಟಲೆ ಕಾದೆವು. ಕೊನೆಗೊಂದು ದಿನ ಬೆಂಕಿಕಡ್ಡಿ ಗೀರಿದರೆ ಬುಸ್ ಅಂತ ನೀಲಿ ಉರಿ. ಅವ್ವ ಹೊಸ ಬರ್ನರಿನ ಮುಂದೆ ಮಣೆ ಹಾಕಿಕೊಂಡು ಹಂಚು ಇಟ್ಟಳು. ಅವಳು ರೊಟ್ಟಿ ಬಡಿಯುವಾಗ ಅವಳ ಮುಖ ನನಗೆ ಅಷ್ಟು ನಿಚ್ಚಳವಾಗಿ ಕಂಡದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಯಾವಾಗಲೂ ಹೊಗೆ ಅಡ್ಡ ಇರುತ್ತಿತ್ತು. ಎಷ್ಟು ಚಂದದ ಮುಖ ನಮ್ಮವ್ವನದು! ಹೇಳಿದರೆ ಬೈದಾಳು ಅಂತ ಸುಮ್ಮನಿದ್ದೆ.

ಸಂತೋಷ ಬಹಳ ದಿನ ನಿಲ್ಲಲಿಲ್ಲ. ಒಂದು ಎಮ್ಮೆಯ ಸಗಣಿ ಎಷ್ಟು ಗ್ಯಾಸು ಕೊಟ್ಟೀತು? ಸಾರು ಕುದಿದು, ಅರ್ಧ ರೊಟ್ಟಿಯಾಗುವಷ್ಟರಲ್ಲಿ ಉರಿ ಮಂಕಾಗುತ್ತಿತ್ತು. ಉಳಿದ ಅರ್ಧಕ್ಕೆ ಅವ್ವ ಮತ್ತೆ ಮೂರು ಕಲ್ಲಿನ ಮುಂದೆ. ಸಗಣಿಗಿಂತ ಉಳಿದ ಅಡುಗೆ ಹೆಚ್ಚು ಗ್ಯಾಸು ಕೊಡುತ್ತದೆ. ನಮ್ಮ ಮನೆಯಲ್ಲಿ ಉಳಿಯುವುದಾದರೂ ಏನು, ಒಂದು ಹಿಡಿ. ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವ ಅಕ್ಕ ನನಗೆ ಪರಿಚಯ, ಅವಳ ಮಗಳು ನನ್ನ ಹತ್ತಿರ ಓದಿದವಳು. ಅಕ್ಕನ ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ದಿನಾ ಬಕೆಟ್ಟುಗಟ್ಟಲೆ ಮುಸುರೆಯನ್ನು ಎಲ್ಲಿ ಚೆಲ್ಲಬೇಕೆಂಬುದೇ ಅವಳ ತಲೆನೋವಾಗಿತ್ತು. ಕೇಳಿದ ಕೂಡಲೇ "ಒಯ್ರಿ ಟೀಚರ್, ಪುಣ್ಯ ಬರತದ," ಅಂದಳು.

ಅವ್ವನಿಗೆ ಹೇಳಿದೆ. ಅವಳು ರೊಟ್ಟಿಯ ಹಿಟ್ಟು ಹಾಗೇ ಬಿಟ್ಟು ಎದ್ದಳು.

"ನನ್ನ ಕೈಯಾಗಿನ ಗಡಿಗಿ ನಾ ಒಡದೀನಿ. ನೀ ಬಿಎಸ್ಸಿ ಓದಿ ಬಕೆಟ್ ಹಿಡೀತಿ?"

ಆ ಗಡಿಗೆಯ ಕಥೆ ನನಗೆ ಗೊತ್ತಿತ್ತು. ಅವ್ವ ಸಣ್ಣವಳಿದ್ದಾಗ ಅವರೂರಿನ ದೊಡ್ಡ ಮನೆಗಳಲ್ಲಿ ಮದುವೆ ಮುಗಿದ ಮೇಲೆ ನಮ್ಮ ಕೇರಿಯ ಹೆಂಗಸರು ಗಡಿಗೆ ಹಿಡಿದು ಹಿಂದಿನ ಬಾಗಿಲಲ್ಲಿ ನಿಲ್ಲಬೇಕಿತ್ತು. ಕೈಗೆ ಕೈ ತಾಗದ ಹಾಗೆ ಮೇಲಿನಿಂದ ಸುರಿಯುತ್ತಿದ್ದರು, ಅನ್ನ, ಸಾರು, ಎಲೆಯಲ್ಲಿ ಬಿಟ್ಟ ಹೋಳಿಗೆ ಎಲ್ಲ ಕೂಡಿಸಿ. ಅದನ್ನೇ ಮನೆಗೆ ತಂದು ಉಣ್ಣುವುದು. ನಾನು ಹೊಟ್ಟೆಯಲ್ಲಿದ್ದಾಗ ಅವ್ವನೂ ಒಮ್ಮೆ ಹಾಗೆ ನಿಂತಿದ್ದಳಂತೆ. ಬಿಸಿ ಸಾರು ಮುಂಗೈ ಮೇಲೆ ಬಿತ್ತು, ಸುರಿದವಳು ನಕ್ಕಳು. ಅವ್ವ ಗಡಿಗೆಯನ್ನು ಅದೇ ಬಾಗಿಲ ಮುಂದೆ ಎತ್ತಿ ಒಗೆದು, ಹುಟ್ಟುವ ಕೂಸು ಮಂದಿ ಮನೆಯ ಉಳಿದದ್ದನ್ನು ಉಣ್ಣುವುದಿಲ್ಲ ಅಂತ ಹೇಳಿ ಬಂದಳು. ಆಮೇಲೆ ಭತ್ತ ನಾಟಿ, ಹತ್ತಿ ಬಿಡಿಸಿ, ಕಲ್ಲು ಹೊತ್ತು ನನ್ನನ್ನು ಓದಿಸಿದಳು. ನಮ್ಮ ಮನೆಯ ತಂಗಳು ರೊಟ್ಟಿ ಎಷ್ಟೋ ದಿನ ಉಂಡಿದ್ದೇನೆ. ಮಂದಿ ಮನೆಯದು ಒಂದು ತುತ್ತೂ ಬಾಯಿಗೆ ಬಂದಿಲ್ಲ. ಇವತ್ತು ಮನೆಯಲ್ಲಿ ಬುದ್ಧನ ಪಟವಿದೆ, ನನ್ನ ಡಿಗ್ರಿಯ ಫೋಟೊ ಇದೆ, ಎರಡಕ್ಕೂ ಆ ಒಡೆದ ಗಡಿಗೆಯೇ ಕಾರಣ ಅಂತ ನಾನು ನಂಬಿದ್ದೇನೆ.

ಆದರೂ ಬಿಡಲಿಲ್ಲ. "ಉಣ್ಣಾಕ ತರಾಕತ್ತಿಲ್ಲ ಬೇ, ಉರಿಸಾಕ ತರಾಕತ್ತೀನಿ," ಅಂದೆ. ಮಾತಿಗೆ ಮಾತು ಬೆಳೆಯಿತು. ರಜೆಯ ಮೇಲಿದ್ದ ಗಂಡ ನಡುವೆ ಬಂದು, "ಇಬ್ಬರಿಗೂ ಟಿಕೆಟ್ ಕೊಟ್ಟೀನಿ, ಇಳೀರಿ ಇನ್ನ," ಅಂದ. ಅವ್ವನಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಬಂತು. ಆ ಕೆಮ್ಮು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನಾನು ಅವಳ ಬೆನ್ನು ತಿಕ್ಕುತ್ತ ಕೂತೆ. ಉಸಿರು ಹತೋಟಿಗೆ ಬಂದ ಮೇಲೆ ಅವಳೇ ಹೇಳಿದಳು: "ಹೊಸ್ತಿಲ ದಾಟಬಾರದು. ಗೇಟಿನಿಂದ ಸೀದಾ ತೊಟ್ಟಿಗೆ."

ಹಾಗೇ ನಡೆಯಿತು. ಪೇಂಟಿನ ಎರಡು ದೊಡ್ಡ ಡಬ್ಬಿ ಇಟ್ಟುಕೊಂಡೆ, ಗಟ್ಟಿ ಮುಚ್ಚಳದವು. ಶಾಲೆ ಬಿಟ್ಟು ಬರುವಾಗ ತುಂಬಿದ ಡಬ್ಬಿ ಸ್ಕೂಟಿಯಲ್ಲಿಟ್ಟುಕೊಂಡು ಬರುವುದು, ತೊಳೆದ ಡಬ್ಬಿ ಅಲ್ಲಿಡುವುದು. ಹುಳಿ ಹೆಚ್ಚಾದರೆ ತೊಟ್ಟಿ ಕೆಡುತ್ತದೆ ಅಂತ ದೇವದುರ್ಗದ ಅಡುಗೆಯಾಕೆ ಹೇಳಿದ್ದು ನೆನಪಿತ್ತು. ಸ್ವಲ್ಪಸ್ವಲ್ಪವೇ, ಸಗಣಿ ನೀರಿನಲ್ಲಿ ಕಲಸಿ ಹಾಕಿದೆ. ಡ್ರಮ್ಮು ಏಳತೊಡಗಿತು. ಎಲ್ಲ ರೊಟ್ಟಿಯೂ ನೀಲಿ ಉರಿಯ ಮೇಲೆ. ಮೂರು ಕಲ್ಲು ಮೂಲೆಗೆ ಹೋದವು. ಅವ್ವನ ಕೆಮ್ಮು ಪೂರ್ತಿ ಹೋಗಲಿಲ್ಲ, ಆದರೆ ಸುಯ್ ಸುಯ್ ಸಪ್ಪಳ ತಗ್ಗಿತು, ಎಮ್ಮೆಗೆ ನೀರು ತಾನೇ ಒಯ್ದು ಇಡತೊಡಗಿದಳು. ಬರಬರುತ್ತ ಡಬ್ಬಿಯ ಮುಚ್ಚಳವನ್ನು ತಾನೇ ತೆಗೆದು, "ಇವತ್ತು ಅನ್ನ ಭಾಳ ಉಳಿಸ್ಯಾರ, ಸಾರಿಗೆ ಉಪ್ಪು ಹೆಚ್ಚಾಗಿರಬೇಕು," ಅಂತ ಖಾನಾವಳಿಯ ಅಡುಗೆಯ ಪರೀಕ್ಷೆ ಮಾಡುವಷ್ಟು ಸಲಿಗೆ ಬಂತು.

ಶ್ರಾವಣದ ಒಂದು ಸೋಮವಾರ ಎಲ್ಲವೂ ಕೆಟ್ಟಿತು.

ನಮ್ಮ ಕಡೆ ಹಬ್ಬದ ದಿನ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. ಪಾತ್ರೆ ಕೊಟ್ಟರೆ ಏನಾದರೂ ಹಾಕಿಯೇ ಕೊಡಬೇಕು. ಅಂಥ ದಿನ ಬಾಗಿಲಿಗೆ ಬಂದವಳ ಕೈಗೆ ಬರೀ ಮುಸುರೆ ಹಾಕಿ ಕಳಿಸುವುದು ಖಾನಾವಳಿಯ ಅಕ್ಕನಿಗೆ ಸರಿಕಂಡಿರಲಿಕ್ಕಿಲ್ಲ. ನನಗೆ ಹೇಳದೆ, ಡಬ್ಬಿಯ ಮುಚ್ಚಳದ ಕೆಳಗೆ, ಮುಸುರೆಯ ಮೇಲೆಯೇ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹೋಳಿಗೆ ಕಟ್ಟಿಟ್ಟಿದ್ದಳು. ಮಧ್ಯಾಹ್ನದ ಊಟಕ್ಕೆ ಮಾಡಿ ಉಳಿದಿದ್ದವು. ಅಪ್ಪಟ ತುಪ್ಪ ಹಾಕಿದ, ಚಲೋ ಹೋಳಿಗೆಗಳೇ.

ಅವ್ವ ಮುಚ್ಚಳ ತೆಗೆದಳು. ಚೀಲ ಎತ್ತಿ ನೋಡಿದಳು. ಅವಳ ಎಡಗೈ ಬಲಗೈಯ ಮುಂಗೈಯನ್ನು ಹಿಡಿದುಕೊಂಡಿತು, ಸಾರು ಬಿದ್ದ ಜಾಗವನ್ನು. ಬೈದಿದ್ದರೆ ಚಲೋ ಇತ್ತು. ಡಬ್ಬಿಯನ್ನು ಮೆಲ್ಲಗೆ ಗೇಟಿನ ಹೊರಗೆ ಇಟ್ಟು ಬಂದಳು. ಮೂಲೆಯ ಮೂರು ಕಲ್ಲುಗಳನ್ನು ಮತ್ತೆ ಹೂಡಿದಳು. ಗ್ಯಾಸಿನ ಉರಿಯನ್ನೂ ಮುಟ್ಟಲಿಲ್ಲ.

"ಯವ್ವಾ, ಅಕಿ ಪ್ರೀತಿಲೆ ಇಟ್ಟಾಳ ಬೇ."

"ಅವರೂ ಪ್ರೀತಿಲೇ ಸುರೀತಿದ್ರು," ಅಂದಳು ಅವ್ವ.

ಮಳೆಗೆ ಹತ್ತಿಕಟ್ಟಿಗೆ ತೊಯ್ದಿತ್ತು. ಹಸಿ ಕಟ್ಟಿಗೆಯ ಹೊಗೆ ಅಂದರೆ ಹೇಳುವುದೇ ಬೇಡ. ಮೂರು ನಾಲ್ಕು ದಿನದಲ್ಲಿ ಅವಳು ಮಾತಿನ ನಡುವೆ ಉಸಿರು ಹುಡುಕತೊಡಗಿದಳು. ಆ ಕಡೆ ತೊಟ್ಟಿಯಲ್ಲಿ ಡ್ರಮ್ಮು ತುದಿಯ ತನಕ ಎದ್ದು, ಬಳಸುವವರಿಲ್ಲದೆ ಗ್ಯಾಸು ಅಂಚಿನಿಂದ ಬುಳುಬುಳು ಅಂತ ಹೊರಟುಹೋಗುತ್ತಿತ್ತು. ಅದನ್ನು ನೋಡಿ ನನಗೆ ತಲೆ ಕೆಟ್ಟಿತು. ಸೀದಾ ಖಾನಾವಳಿಗೆ ಹೋದೆ. ಗಿರಾಕಿಗಳು ಉಣ್ಣುತ್ತ ಕೂತಿದ್ದರೂ ಲೆಕ್ಕಿಸದೆ ಕೇಳಿದೆ:

"ಮುಸುರಿ ಮ್ಯಾಲ ಹೋಳಿಗಿ ಇಟ್ಟು ಕಳಸ್ತೀರಲ್ರಿ ಅಕ್ಕ, ನಿಮ್ಮ ಬೀಗರಿಗೆ ಹಂಗ ಕಳಸ್ತೀರೇನು?"

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. "ಚಲೋ ಇದ್ವಲ್ರಿ ಟೀಚರ್, ಹಬ್ಬ ಇತ್ತು, ಬರೇ ಮುಸುರಿ ಹೆಂಗ ಕೊಡೋದು ಅಂತ…" ಅನ್ನುತ್ತ ಅನ್ನುತ್ತ ಅವಳ ಮಾತು ನಿಂತಿತು. ನಾನು ಗಡಿಗೆಯ ಕಥೆ ಹೇಳಿದೆ, ಅವ್ವನ ಎದೆಯ ಕಥೆಯನ್ನೂ ಹೇಳಿದೆ. ಅವಳು ಬಾಣಲೆಯ ಕಡೆ ತಿರುಗಿ ನಿಂತಳು. ಇಷ್ಟಕ್ಕೆ ಮುಗಿಯಿತು ಅಂದುಕೊಂಡು ಬಂದೆ.

ಮರುದಿನ ಭಾನುವಾರ. ಬೆಳಗಿನ ನಾಷ್ಟಾದ ಗದ್ದಲ ಮುಗಿದ ಹೊತ್ತು. ನಮ್ಮ ಓಣಿಯ ಕೆಸರಿನಲ್ಲಿ ಸೀರೆ ಎತ್ತಿ ಕಟ್ಟಿಕೊಂಡು, ಟೊಂಕದ ಮೇಲೆ ಪೇಂಟಿನ ಡಬ್ಬಿ ಇಟ್ಟುಕೊಂಡು ಒಬ್ಬಳು ಬರುತ್ತಿದ್ದಳು. ಖಾನಾವಳಿಯ ಅಕ್ಕ. ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಅವಳ ಮನೆತನದ ಹೆಂಗಸರು ನಮ್ಮ ಓಣಿಗೆ ಬಂದದ್ದನ್ನೇ ನಾನು ನೋಡಿರಲಿಲ್ಲ, ಮುಸುರೆ ಹೊತ್ತು ಬರುವುದಂತೂ ದೂರ. ಗೇಟಿನ ಹೊರಗೆ ನಿಂತು ಕರೆದಳು.

"ಯವ್ವಾ, ಮನ್ಯಾಗ ಇದ್ದೀರೇನ್ರಿ?"

ಅವ್ವ ಹೊಗೆಯಿಂದ ಎದ್ದು ಕಣ್ಣೊರೆಸಿಕೊಳ್ಳುತ್ತ ಬಂದಳು. ಕೆಮ್ಮು ಮುಗಿಯುವ ತನಕ ಅಕ್ಕ ಕಾದಳು.

"ಮುಸುರಿ ತಂದೀನಿ. ಎಲ್ಲಿ ಹಾಕಬೇಕು ತೋರಸ್ರಿ."

"ನೀವ್ಯಾಕ ತಂದ್ರಿ? ಆಳುಗಳಿಲ್ಲೇನು?"

"ಅದಾರ್ರಿ. ಆದ್ರ ನನ್ನ ಮನಿ ಮುಸುರಿ ನಾನ ಹೊರಬೇಕಲ್ರಿ. ನಿಮ್ಮ ಮಗಳ ಕೈಲೆ ಹೊರಿಸಿದ್ದು ತಪ್ಪಾತು. ಅದರ ಮ್ಯಾಲ ಹೋಳಿಗಿ ಇಟ್ಟಿದ್ದು ಇನ್ನೂ ತಪ್ಪಾತು."

ಅವ್ವ ಅವಳ ಟೊಂಕದ ಮೇಲಿನ ಡಬ್ಬಿ ನೋಡಿದಳು, ಕೆಸರು ಮೆತ್ತಿದ ಕಾಲು ನೋಡಿದಳು. ಈಗ ಗೇಟು ತೆರೆಯದಿದ್ದರೆ ಇನ್ನು ಯಾವತ್ತೂ ತೆರೆಯುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಅವ್ವ ಚಿಲಕ ತೆಗೆದಳು. ಮುಂದೆ ಮುಂದೆ ಹೋಗಿ ತೊಟ್ಟಿ ತೋರಿಸಿದಳು. ಅಕ್ಕ ಒಮ್ಮೆಲೇ ಡಬ್ಬಿ ಎತ್ತಿದಾಗ, "ಹಂಗಲ್ಲ! ಒಮ್ಮಿಗೇ ಸುರಿದ್ರ ಹುಳಿ ಹಿಡೀತದ. ಸಗಣಿ ನೀರಾಗ ಕಲಸ್ರಿ," ಅಂತ ಜೋರು ಮಾಡಿದಳು. ಹಣೆಯ ವಿಭೂತಿ ಬೆವರಿಗೆ ಇಳಿಯುತ್ತಿದ್ದರೂ ಅಕ್ಕ ಮೊಣಕೈ ತನಕ ಸಗಣಿ ಮಾಡಿಕೊಂಡು ಕಲಸಿದಳು. ಅವ್ವ ತಂಬಿಗೆಯಲ್ಲಿ ನೀರು ತಂದು ಅವಳ ಕೈಗೆ ಹಾಕಿದಳು. ಆಮೇಲೆ ಗ್ಯಾಸಿನ ಬರ್ನರು ಹೊತ್ತಿಸಿ, ಹಂಚು ಇಟ್ಟಳು.

"ಬರ್ರಿ, ಕುಂದರ್ರಿ."

ಅಕ್ಕ ಹೊಸ್ತಿಲು ದಾಟಿ ಬಂದು ಕೂತಳು. ಅವ್ವ ತಾಟಿನಲ್ಲಿ ಉಬ್ಬಿದ ರೊಟ್ಟಿ, ಪುಂಡಿಪಲ್ಲೆ, ಹಸಿಮೆಣಸಿನಕಾಯಿ ಚಟ್ನಿ ಹಾಕಿ ಮುಂದಿಟ್ಟಳು. ನಾನು ಪರೀಕ್ಷೆಯ ಕೋಣೆಯಲ್ಲಿ ನಿಂತ ಟೀಚರಿನ ಹಾಗೆ ಅವಳ ಕೈಯನ್ನೇ ನೋಡುತ್ತಿದ್ದೆ. ಕೈ ಒಂದು ಗಳಿಗೆ ತಡೆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ರೊಟ್ಟಿ ಮುರಿಯಿತು. ಎರಡನೆಯ ರೊಟ್ಟಿ ಬಿದ್ದಾಗ ಅವಳ ಕಣ್ಣಲ್ಲಿ ನೀರು. ಚಟ್ನಿ ಖಾರವೇನೋ ಅಂದುಕೊಂಡೆ.

"ದಿನಾ ನಾಕ ಊರಿನ ಮಂದಿಗೆ ಉಣ್ಣಾಕ ಹಾಕ್ತೀನ್ರಿ ಯವ್ವಾ. ನನ್ನ ಕುಂದ್ರಿಸಿ ಬಿಸಿ ರೊಟ್ಟಿ ಹಾಕಿದವರು, ನಮ್ಮವ್ವ ಹೋದ ಮ್ಯಾಲ ಯಾರೂ ಇಲ್ಲ. ನಾ ಉಣ್ಣೂದು ಎಲ್ಲಾರದೂ ಆಗಿ ಉಳಿದದ್ದು."

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಆಮೇಲೆ ಮೂರನೆಯದನ್ನೂ ಅವಳ ತಾಟಿಗೆ ಹಾಕಿದಳು, ಬೇಡ ಅಂದರೂ ಕೇಳಲಿಲ್ಲ.

ಈಗ ಆ ಹಿತ್ತಲಲ್ಲಿ ಮೂರು ಕಲ್ಲುಗಳಿಲ್ಲ, ಎಮ್ಮೆ ಕಟ್ಟುವ ಗೂಟದ ಬುಡಕ್ಕೆ ಹೋಗಿವೆ. ತೊಟ್ಟಿಯಿಂದ ಹೊರಬರುವ ರಾಡಿ ಬದನೆ, ಪುಂಡಿಯ ಮಡಿಗೆ ಹೋಗುತ್ತದೆ. ಅವ್ವ ಬಾಗಿಲ ತನಕ ಅಲ್ಲ, ಸಂತೆಯ ತನಕ ನಡೆಯುತ್ತಾಳೆ, ನಡುವೆ ಒಂದೆರಡು ಕಡೆ ನಿಂತು, ನಿಂತದ್ದು ಉಸಿರಿಗಲ್ಲ, ಕಾಯಿಪಲ್ಲೆ ನೋಡಲಿಕ್ಕೆ ಅಂತ ಸುಳ್ಳು ಹೇಳುತ್ತ. ಯಾರ ಋಣ ಅಂತ ನೆನೆಯಲಿ? ಎಮ್ಮೆಯದು ಇದೆ, ರಾಯಚೂರಿನ ಆ ಹುಡುಗಿ ಡಾಕ್ಟರಿನದು ಇದೆ, ದೇವದುರ್ಗದ ಅಡುಗೆಯಾಕೆಯದು ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಹಗಲು ಹೊತ್ತಿನಲ್ಲಿ, ನೋಡುವವರ ಎದುರಿಗೆ, ತನ್ನ ಮುಸುರೆಯನ್ನು ತಾನೇ ಹೊತ್ತು ನಮ್ಮ ಓಣಿಗೆ ನಡೆದು ಬಂದ ಆ ಅಕ್ಕನದು. ಗೇಟು ತೆರೆದ ನಮ್ಮವ್ವನದೂ ಅಷ್ಟೇ ಇದೆ. ಹೊತ್ತು ಬರುವುದಕ್ಕಿಂತ ತೆರೆಯುವುದೇ ಕಷ್ಟವಾಗಿತ್ತೋ ಏನೋ.

ಅವತ್ತು ಅಕ್ಕ ತಾಟು ತೊಳೆಯಲು ಎದ್ದಳು, ಅವ್ವ ಬಿಡಲಿಲ್ಲ. ಖಾಲಿ ಡಬ್ಬಿ ಎತ್ತಿಕೊಂಡು ಗೇಟಿನ ತನಕ ಹೋದವಳನ್ನು ಅವ್ವ ಒಲೆಯ ಮುಂದಿನಿಂದಲೇ ಕೂಗಿ ಕೇಳಿದಳು.

"ನಾಳಿ ಎಷ್ಟೊತ್ತಿಗೆ ಬರ್ತಿ?"

"ನೀವು ಹೇಳಿದೊತ್ತಿಗೆ ಬರ್ತೀನ್ರಿ ಯವ್ವಾ."

"ಹಸಕೊಂಡು ಬಾ," ಅಂದಳು ಅವ್ವ.